ಎರವಲು ನಡಿಗೆ

ಲಕ್ವ ಹೊಡೆದು ನಡೆಯುವುದನ್ನೇ ಮರೆತಿದ್ದ ಸಾವಂತ್ರವ್ವನ ಕಾಲುಗಳಿಗೆ ಆಸ್ಪತ್ರೆಯವರು ಸತ್ತವರೊಬ್ಬರ ನಡಿಗೆಯನ್ನು ಹಾಕಿಕೊಟ್ಟಿದ್ದರು. ಊರಲ್ಲಿ ಅದೇನು ಹೊಸದಲ್ಲ. ಪಕ್ಕದ ಮನೆಯ ಹಾಲಿನವನು ತೀರಿಹೋದ ಮಾಸ್ತರರ ನಡಿಗೆಯಲ್ಲೇ ಓಡಾಡುತ್ತಿದ್ದ. ಅವಳೂ ಮದುವೆಮನೆಗಳ ಅಡುಗೆಗೆ ಮರಳಿದ್ದಳು.

ಇವತ್ತು ಹಿತ್ತಲಲ್ಲಿ ಸೊಸೆ ನೀಲವ್ವ ಬದನೆಕಾಯಿ ಸುಡಲೆಂದು ದೊಡ್ಡ ಒಲೆಯ ಕೆಂಡವನ್ನೆಲ್ಲ ಹೊರಗೆಳೆದು ಉದ್ದಕ್ಕೆ ಹರವಿದಳು. ಸಾವಂತ್ರವ್ವನ ಕಾಲುಗಳು ತಾವಾಗಿಯೇ ಆ ಕಡೆ ಹೊರಟವು.

"ನೀಲವ್ವಾ, ಹಿಡೀ ನನ್ನ! ಈ ನಡಗಿ ಯಾರ್ದು?"

"ವರ್ಷಾ ಜಾತ್ರ್ಯಾಗ ಕೆಂಡದ ಮ್ಯಾಲ ಅಗ್ಗಿ ಹಾಯ್ತಿದ್ದ ಗುಡಿ ಪುರವಂತಂದು ಅಂದಿದ್ರು," ಎಂದಳು ಸೊಸೆ, ತಲೆ ಎತ್ತದೆ. "ಯಾಕ, ಅತ್ತಿ?"

ಸಾವಂತ್ರವ್ವ ಚೀರಿ ಕಂಬವನ್ನು ತಬ್ಬಿಕೊಂಡಳು. ಕೆಳಗೆ ಕಾಲುಗಳು ಮಾತ್ರ, ಯಾವ ಅವಸರವೂ ಇಲ್ಲದೆ, ಭಕ್ತಿಯಿಂದ ಚಪ್ಪಲಿ ಕಳಚುತ್ತಿದ್ದವು.