ನೀರುಪಾಲಾದ ಡಬ್ಬಿ

ಮನರಂಜನಾ ಪಾರ್ಕಿನ ದೋಣಿ ಎತ್ತರದಿಂದ ಜಾರಿ ದಬಾರನೆ ಕೊಳಕ್ಕೆ ಬಿದ್ದು, ಚಿಮ್ಮಿದ ನೀರು ಎಲ್ಲರ ತಲೆಯ ಮೇಲೆ ಸುರಿದಾಗ ಕಿರುಚದೆ ಕೂತಿದ್ದವಳು ಅಮ್ಮ ಒಬ್ಬಳೇ. ಅವಳ ಎರಡು ಕೈಯೂ ಮಡಿಲಿನ ಚೀಲವನ್ನು ತಬ್ಬಿಕೊಂಡಿದ್ದವು. ಚೀಲದಲ್ಲಿ ಮಗಳ ಊಟದ ಡಬ್ಬಿ. 'ಇಲ್ಲಿ ಕೊಡೇ, ನಾನು ಹೊರಗೇ ನಿಂತಿರ್ತೀನಿ' ಎಂದು ಗಂಡ ಎಷ್ಟು ಹೇಳಿದರೂ ಅವಳು ಕೊಟ್ಟಿರಲಿಲ್ಲ. ಆ ಮಹಾರಾಯ ಎಲ್ಲಾದರೂ ಇಟ್ಟು ಮರೆತರೆ? ಯಾರಾದರೂ ಕಡಲೆಕಾಯಿ ತಿಂದ ಕೈಯಲ್ಲಿ ಮುಟ್ಟಿಬಿಟ್ಟರೆ? ಕಣ್ಣಿನ ರೆಪ್ಪೆಯ ಹಾಗೆ ಕಾಪಾಡಿದ ಆ ಡಬ್ಬಿಯ ಮುಚ್ಚಳ ಈಗ ಕಳಚಿಕೊಂಡಿತ್ತು. ಅನ್ನವೂ ಬೇಯಿಸಿದ ತರಕಾರಿಯೂ ಚೀಲಕ್ಕೆ ನುಗ್ಗಿದ ಕೊಳದ ನೀರಿನಲ್ಲಿ ತೇಲುತ್ತಿದ್ದವು.

'ಡಬ್ಬಿಗೂ ಒಂದು ಟಿಕೆಟ್ ತಗೋಬೇಕಿತ್ತು' ಎಂದು ನಗಲು ಹೋದ ಗಂಡ, ಹೆಂಡತಿಯ ಮುಖ ನೋಡಿ ಕರವಸ್ತ್ರ ತೆಗೆದು ತಲೆ ಒರೆಸಿಕೊಳ್ಳತೊಡಗಿದ.

'ನಡೀರಿ, ಮನೆಗೆ ಹೋಗೋಣ' ಎಂದಳು ಅಮ್ಮ. ಮಗಳ ಮುಖ ಅಷ್ಟಗಲದಿಂದ ಇಷ್ಟಗಲಕ್ಕೆ ಇಳಿಯಿತು. ದೊಡ್ಡ ಚಕ್ರ ಹತ್ತುವುದು ಇನ್ನೂ ಬಾಕಿ ಇತ್ತು. 'ಅಮ್ಮಾ, ನಂಗೆ ಹಸಿವೇ ಇಲ್ಲ. ಸಂಜೆವರೆಗೂ ಆಗಲ್ಲ. ಬೇಕಾದ್ರೆ ನಾಳೆವರೆಗೂ ಆಗಲ್ಲ' ಎಂದಳು ಏಳು ವರ್ಷದ ಆ ಚೂಟಿ. ಅಷ್ಟರಲ್ಲಿ ಅವಳ ಹೊಟ್ಟೆಯೇ ಗುರ್ರೆಂದು ಗುಟ್ಟು ಬಿಟ್ಟುಕೊಟ್ಟಿತು. ಹಾಲು, ಮೊಟ್ಟೆ, ಕಡಲೆಕಾಯಿ, ಈ ಮೂರರಲ್ಲಿ ಯಾವುದರ ಚೂರು ಬಾಯಿಗೆ ಬಿದ್ದರೂ ಅವಳ ಗಂಟಲು ಊದಿಕೊಳ್ಳುತ್ತದೆ. ಹೋದ ವರ್ಷ ಯಾರೋ ಪ್ರೀತಿಯಿಂದ ಕೊಟ್ಟ ಅರ್ಧ ಬಿಸ್ಕತ್ತು ತಿಂದು ಆಸ್ಪತ್ರೆ ಸೇರಿದ್ದಳು. ಅಂದಿನಿಂದ ಅಮ್ಮನ ಸೊಂಟದ ಪಟ್ಟಿಯಲ್ಲಿ ಚುಚ್ಚುಮದ್ದು ತಪ್ಪಿದ್ದಿಲ್ಲ, ಮಗಳ ಬಾಯಿಗೆ ಹೊರಗಿನ ತುತ್ತು ಬಿದ್ದದ್ದಿಲ್ಲ.

'ಇಲ್ಲಿನ ಹೋಟೆಲಲ್ಲಿ ಒಂದ್ಸಲ ಕೇಳಿ ನೋಡೋಣ ಕಣೇ. ಕೇಳಿದ್ರೆ ನಮ್ಮ ಗಂಟೇನು ಹೋಗುತ್ತೆ?' ಎಂದ ಗಂಡ. ಅವಳು ಬೇಡವೆನ್ನುವ ಮೊದಲೇ ಮಗಳು ಓಡಿಹೋಗಿ ಹೋಟೆಲಿನ ಕಟ್ಟೆಗೆ ಗಲ್ಲ ಆನಿಸಿ ನಿಂತು ಪಾಠ ಒಪ್ಪಿಸುತ್ತಿದ್ದಳು. 'ನಾನು ಹಾಲು, ಮೊಟ್ಟೆ, ಕಡಲೆಕಾಯಿ ತಿನ್ನಲ್ಲ. ಬೆಣ್ಣೆ ಅಂದ್ರೂ ಹಾಲೇ. ಸ್ವಲ್ಪ ಹಾಕಿದ್ರೂ ಹಾಕಿದ ಹಾಗೇ.' ಬೆಳಿಗ್ಗೆ ಕೈಕುಲುಕಲು ಬಂದ ಕರಡಿ ವೇಷದವನಿಗೂ ಅವಳು ಇದನ್ನೇ ಚಾಚೂ ತಪ್ಪದೆ ಒಪ್ಪಿಸಿದ್ದಳು. ಪಾಪ, ಅವನು ತಿನ್ನಲು ಏನೂ ತಂದಿರಲಿಲ್ಲ.

ಒಳಗಿನಿಂದ ದೊಡ್ಡ ಬಾಣಸಿಗರೇ ಬಂದರು. 'ಒಳಗೆ ಬನ್ನಿ ಮೇಡಂ. ನೀವೇ ಕಣ್ಣಾರೆ ನೋಡಿ, ಆಮೇಲೆ ಹೇಳಿ' ಎಂದರು. ಅಡುಗೆಮನೆಯ ಒಂದು ಮೂಲೆಯಲ್ಲಿ ಬೇರೆಯೇ ಒಲೆ, ಬೇರೆಯೇ ಮಣೆ, ನೇರಳೆ ಹಿಡಿಯ ಬಾಣಲೆ. ಇಂಥ ಮಕ್ಕಳಿಗೆಂದೇ ಮೀಸಲಾದ ಆ ಮೂಲೆಗೆ ಹೊರಗಿನ ಒಂದು ಸೌಟೂ ಬರುವಂತಿಲ್ಲ. ಅಮ್ಮ ಎಣ್ಣೆ ಕೇಳಿದಳು, ಪೊಟ್ಟಣಗಳನ್ನು ತಿರುಗಿಸಿ ತಿರುಗಿಸಿ ಓದಿದಳು, ಕೈ ಒರೆಸುವ ಬಟ್ಟೆಯನ್ನೂ ಬಿಡಲಿಲ್ಲ. 'ಕೇಳಿ ಮೇಡಂ, ಇನ್ನೂ ಕೇಳಿ. ನಮ್ಮನೆಯವಳು ಒಂದು ಬದನೆಕಾಯಿ ತಗೊಳ್ಳೋಕೂ ಇಷ್ಟು ಕೇಳ್ತಾಳೆ' ಎಂದು ಅವರು ನಕ್ಕರು. ಒಂದು ತಪ್ಪಾದರೂ ಸಿಕ್ಕಿದ್ದರೆ ಮನೆಗೆ ಹೊರಡುವುದು ಸುಲಭವಾಗುತ್ತಿತ್ತು. ಒಂದೂ ಸಿಗಲಿಲ್ಲ. ಅವಳಿಗೆ ಹೆದರಿಕೆ ಶುರುವಾದದ್ದೇ ಆಗ.

ಬಾಣಸಿಗರು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ತಿಂಡಿಗಳ ಚಿತ್ರವಿದ್ದ ಹಾಳೆ ಹಿಡಿದರು. 'ಇದ್ರಲ್ಲಿ ನಿಂಗೇನು ಬೇಕು ಪುಟ್ಟೀ?' ಮಗಳು ಹಿಂದೆ ತಿರುಗಿ ನೋಡಿದಳು, ಇನ್ಯಾರನ್ನೋ ಕೇಳುತ್ತಿರಬಹುದೆಂದು. ಆಮೇಲೆ ಅಮ್ಮನ ಮುಖ ನೋಡಿದಳು. ಅಮ್ಮ ಹಾಳೆಯ ಕಡೆ ಕೈ ತೋರಿಸಿ 'ನೀನೇ ಹೇಳು' ಎಂದಳು. ಪುಟ್ಟ ಬೆರಳು ಹಾಳೆಯ ಮೇಲೆಲ್ಲ ಮೆರವಣಿಗೆ ಹೋಗಿ, ಕೊನೆಗೆ ಅಣಬೆ ಹಾಕಿದ ಅಕ್ಕಿ ನೂಡಲ್ಸ್ ಮೇಲೆ ನಿಂತಿತು.

ತಟ್ಟೆ ಬಂತು. ಮಗಳು ಮೊದಲ ತುತ್ತು ಬಾಯಿಗಿಟ್ಟಳು. ಅಮ್ಮನ ಕೈ ಸೊಂಟದ ಪಟ್ಟಿಯ ಮೇಲಿತ್ತು. ಬಾಣಸಿಗರು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಎರಡನೇ ತುತ್ತಿಗೆ ಮಗಳ ಅಗಿಯುವಿಕೆ ನಿಧಾನವಾಯಿತು. ಮೂರನೆಯದಕ್ಕೆ ಮುಖ ಕಿವುಚಿ ತಟ್ಟೆ ಮುಂದಕ್ಕೆ ತಳ್ಳಿದಳು.

ಅಮ್ಮ ಎದ್ದೇಬಿಟ್ಟಳು. 'ಏನಾಯ್ತೇ? ತುಟಿ ಉರೀತಿದ್ಯಾ? ಗಂಟಲು ಕೆರೀತಿದ್ಯಾ? ಬಾಯಿ ತೆಗಿ, ನಾಲಿಗೆ ತೋರಿಸು!'

'ಏನೂ ಆಗಿಲ್ಲಮ್ಮ.'

'ಮತ್ಯಾಕೆ ತಳ್ಳಿದೆ?'

ಮಗಳು ಬಾಣಸಿಗರ ಕಡೆ ಸಂಕೋಚದಿಂದ ನೋಡಿ ದನಿ ತಗ್ಗಿಸಿದಳು. 'ಚೆನ್ನಾಗಿಲ್ಲ. ಅಣಬೆ ಪಚಪಚ ಅನ್ನುತ್ತೆ.'

ಅಮ್ಮ ಹಾಗೇ ಕುರ್ಚಿಗೆ ಕುಸಿದಳು. ಹಾಕಿಕೊಟ್ಟದ್ದನ್ನು ಕಮಕ್ ಕಿಮಕ್ ಎನ್ನದೆ ತಿನ್ನುವ ಹುಡುಗಿ. ಕಂಡವರೆಲ್ಲ ನೀಡಿದ ಚಾಕೊಲೇಟು, ಐಸ್‌ಕ್ರೀಮು, ಕೇಕುಗಳಿಗೆ ಈ ವಯಸ್ಸಿಗೇ ಲೆಕ್ಕವಿಲ್ಲದಷ್ಟು ಸಲ ಬೇಡ ಎಂದಿದ್ದಳು. ಅದರಲ್ಲಿ ಒಂದು 'ಬೇಡ'ವೂ ರುಚಿಯಿಲ್ಲವೆಂದು ಹೇಳಿದ್ದಲ್ಲ. ಅಮ್ಮನಿಗೆ ನಗು ಬಂತು, ನಗುನಗುತ್ತಲೇ ಕಣ್ಣೂ ತುಂಬಿ ಬಂತು. ಅವಳಿಗಾದ ಸಂತೋಷಕ್ಕೆ ಪಾರವೇ ಇರಲಿಲ್ಲ. ಎದುರಿಗೆ ಗಂಡ ಮೇಜು ಬಡಿದು ಬಡಿದು ನಗುತ್ತಿದ್ದ.

ಬಾಣಸಿಗರು ಪೆಚ್ಚುಮೋರೆ ಹಾಕಿಕೊಂಡು ಹತ್ತಿರ ಬಂದರು. ಅಮ್ಮ ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಮಗಳು ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತು ಕೇಳಿದಳು.

'ಅಂಕಲ್, ಬೇರೆ ಏನಿದೆ?'