ಬೋಳು ಪಟ್ಟಿ

ಸೂಕ್ಷ್ಮದರ್ಶಕದ ಪರದೆಯ ಮೇಲೆ ಬೋಳು ಪಟ್ಟಿಯೊಂದು ಮೂಡಿದ್ದೇ ತಡ, ಪಾಲಿಶ್ ಮೇಸ್ತ್ರಿಯ ಕೈ ಜೇಬಿನಲ್ಲಿದ್ದ ಉಜ್ಜುವ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಸೂಕ್ಷ್ಮದರ್ಶಕದಡಿ ಇಟ್ಟಿದ್ದ, ತೊಡೆಯ ಮೂಳೆಯೊಳಗೆ ಕೂರಿಸುವ ಲೋಹದ ರಾಡಿಗೆ ಅವನ ತಂಗಿಯ ಮಗಳು ನ್ಯಾನೊ ಲೇಪ ಕೊಟ್ಟಿದ್ದಳು. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳ ಕಾಡು. ಅದರೊಳಗೆ ಮೂಳೆ ಬೇರು ಬಿಡುತ್ತದಂತೆ. ಆ ಕಾಡಿನ ನಡುವೆ ಈಗ ಯಾರೋ ಕ್ಷೌರ ಮಾಡಿದ ಹಾಗಿತ್ತು.

ಮೂವತ್ತು ವರ್ಷದಿಂದ ಅವನು ಉಜ್ಜಿದ ರಾಡುಗಳಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಬೆಳಿಗ್ಗೆ ಕಾರ್ಖಾನೆಯ ಯಜಮಾನರು ಬೂದಿ ಬಣ್ಣದ ಇದನ್ನು ಎತ್ತಿ ಹಿಡಿದು, "ನುಣ್ಣಗಿರೋದು ಮೂಳೆಗೆ ಬೇಡ ಕಣ್ರೀ, ಇದನ್ನ ಮಾತ್ರ ಮೂಳೆ ಒಮ್ಮೆ ಹಿಡಿದ್ರೆ ಬಿಡೋದೇ ಇಲ್ಲ" ಅಂದಾಗ ಅವನ ಹೊಟ್ಟೆಗೆ ಕೆಂಡ ಬಿದ್ದಿತ್ತು. ಎಲ್ಲರೂ ಊಟಕ್ಕೆ ಎದ್ದಾಗ ಅದರ ಮೇಲೆ ಒಂದೇ ಒಂದು ಸಲ ಬಟ್ಟೆ ಎಳೆದಿದ್ದ.

"ಮಾವ, ಇದು ನೀವೇ ಉಜ್ಜಿದ್ದು," ಎಂದಳು ಅವಳು, ಪರದೆಯಿಂದ ಕಣ್ಣು ಕೀಳದೆ.

"ನಾನ್ಯಾಕೆ ಮುಟ್ಲಿ ನಿನ್ನ ರಾಡನ್ನ?"

"ಒಂದು ಗೀರೂ ಇಲ್ಲ, ನೋಡಿ. ಹೀಗೆ ಉಜ್ಜೋ ಕೈ ಇಲ್ಲಿ ಇನ್ಯಾರಿಗಿದೆ?" ಅವಳು ಆ ಪಟ್ಟಿಯನ್ನು ಪರದೆಯ ಮೇಲೆ ಇನ್ನಷ್ಟು ದೊಡ್ಡದು ಮಾಡಿದಳು. "ನಾಲ್ಕು ವರ್ಷ ನಿಮ್ಮ ಪಕ್ಕದಲ್ಲೇ ಕೂತು ಕಲಿತೆ. ನನ್ನ ಕೈಗೆ ಈ ನುಣುಪು ಒಂದು ದಿನಾನೂ ಹತ್ತಲಿಲ್ಲ. ಅದಕ್ಕೇ ಅಲ್ವಾ ನಾನು ಲೇಪದ ಕಡೆ ಹೋಗಿದ್ದು?"

ಬೈಗುಳಕ್ಕೆ ಬೆನ್ನು ಬಗ್ಗಿಸಿ ನಿಂತಿದ್ದ ಮೇಸ್ತ್ರಿ ತಲೆ ಎತ್ತಿದ. ಹಾಳಾದ ಜಾಗವನ್ನು ಅವಳು ನೋಡುತ್ತಿದ್ದ ಆ ನೋಟದಲ್ಲಿ, ಬೆಳಿಗ್ಗೆಯಿಂದ ಅವನ ಕಣ್ಣಲ್ಲಿ ಉರಿಯುತ್ತಿದ್ದ ಅದೇ ಕಿಚ್ಚಿತ್ತು.