ಒಲೆಕಟ್ಟೆಯ ಅಳತೆ

ಅಂದು ಬೆಳಗ್ಗೆ ದೇವರಗುಡ್ಡದ ಕಡೆಯಿಂದ ಎದ್ದ ಗಾಳಿ ರಾಣೆಬೆನ್ನೂರಿನ ಮೇಲೆ ಒಂದು ಹನಿಯನ್ನೂ ಉದುರಿಸದೆ ಬರೀ ಧೂಳೆಬ್ಬಿಸುತ್ತ ತಿರುಗುತ್ತಿತ್ತು. ಕಂಬಗಳಷ್ಟೇ ಎದ್ದು ಗೋಡೆ ಏಳದ ಹೊಸ ಮನೆಯಲ್ಲಿ ಗೌಂಡಿ ಪುಂಡಲೀಕ ಸುಣ್ಣದ ಪುಡಿಯಿಂದ ಅಡಿಗೆಮನೆಯ ಗೆರೆ ಎಳೆಯುತ್ತಿದ್ದ. ಗಾಳಿ ಅರ್ಧ ಒರೆಸಿಕೊಂಡು ಹೋಗುತ್ತಿತ್ತು. ಅವನು ಮತ್ತೆ ಎಳೆಯುತ್ತಿದ್ದ. ಆ ಗೆರೆಗಳ ನಡುವೆ ಉಚ್ಚಂಗೆವ್ವ ನಿಂತಲ್ಲಿ ನಿಲ್ಲಲಾರದೆ ಅತ್ತಿಂದಿತ್ತ ಓಡಾಡುತ್ತಿದ್ದಳು.

"ಒಲಿ ಈ ಮೂಲಿಗೆ, ಸಿಂಕು ಕಿಡಕಿ ಕೆಳಗ, ಜ್ವಾಳದ ಡಬ್ಬಿ ಹಿಂದ. ಹೊರಳಿದ್ರ ಎಲ್ಲಾ ಕೈಗೆ ಸಿಗಬೇಕು ನೋಡ್ರಿ," ಎಂದ ಪುಂಡಲೀಕ. "ಇನ್ನ ಕಟ್ಟಿ ಎತ್ತರ ಒಂದ ಉಳದೈತಿ. ಮಡಚಿದ ಮೊಳಕೈಗಿಂತ ಒಂದು ಚೋಟು ತೆಳಗ ಇರಬೇಕು. ಯಾರ ಮೊಳಕೈ ಹಿಡೀಲಿ?"

"ಅವ್ವಂದ ಹಿಡಿ. ಅಡಿಗಿಮನಿ ಅಂದ್ರ ಅವ್ವಂದ," ಎಂದ ಮಗ ಚಂದ್ರಪ್ಪ. ಬೀಜದ ಅಂಗಡಿಯಿಂದ ಬಂದ ಫೋನು ಅವನ ಕಿವಿಗೆ ಅಂಟಿಕೊಂಡೇ ಇತ್ತು.

ಪುಂಡಲೀಕ ಒಮ್ಮೆ ಗಿಡ್ಡ ಉಚ್ಚಂಗೆವ್ವನನ್ನೂ ಒಮ್ಮೆ ಅವಳ ಎತ್ತರದ ಸೊಸೆ ಗಂಗಾಳನ್ನೂ ನೋಡಿದ. "ಹಂಗಾದ್ರ ಕಟ್ಟಿ ನಿಮ್ಮ ಮನಿಯಾಕಿ ಮೊಳಕಾಲಿಗೆ ಬರ್ತೈತಿ!"

"ಇಬ್ಬರದೂ ಕೂಡಿಸಿ ಅರ್ಧ ಮಾಡಪಾ," ಎಂದ ಚಂದ್ರಪ್ಪ.

"ಅರ್ಧ ಮಾಡಿದ್ರ ಒಬ್ಬಾಕಿ ಬಗ್ಗಿ ಬೈತಾಳ, ಒಬ್ಬಾಕಿ ತುದಿಗಾಲ ಮ್ಯಾಲ ನಿಂತು ಬೈತಾಳ. ಎರಡೂ ಬೈಗಳ ನನಗ ಬೀಳತಾವು."

ಎಲ್ಲರೂ ನಕ್ಕರು. ಉಚ್ಚಂಗೆವ್ವ ನಗಲಿಲ್ಲ. ಹಳೆಯ ಮನೆಯ ಒಲೆಕಟ್ಟೆ ಅವಳ ಅಳತೆಯದು. ಅಂಗಡಿ ಮಗನದಾಯಿತು, ಕಪಾಟಿನ ಕೀಲಿಕೈ ಸೊಸೆಯ ಸೊಂಟಕ್ಕೆ ಹೋಯಿತು. ತನ್ನದೆಂದು ಉಳಿದದ್ದು ಕಟ್ಟೆಯ ಮುಂದಿನ ಆ ಜಾಗವೊಂದೇ. ಅದೂ ಕೈಗೆಟುಕದಷ್ಟು ಮೇಲೆದ್ದರೆ ಹೊಸ ಮನೆಯಲ್ಲಿ ತಾನು ಪಡಸಾಲೆಯಲ್ಲಿ ಕೂತು, ಊಟಕ್ಕೆ ಕರೆಯಲಿ ಎಂದು ಕಾಯುವವಳು. ಬೆಳಗಿನ ದೀಪ ಹಚ್ಚುವಾಗಲೂ, "ಮಾಲತೇಶಾ, ನನ್ನ ಜಾಗಾ ನನಗಿರಲಿ," ಎಂದೇ ಬೇಡಿಕೊಂಡಿದ್ದಳು. ದೇವರು ಹೂಂ ಅಂದನೋ ಉಹೂಂ ಅಂದನೋ ತಿಳಿಯದೆ ಜೀವ ಚಡಪಡಿಸುತ್ತಿತ್ತು.

"ನೀವೇನಂತೀರಿ ತಂಗೀ?" ಪುಂಡಲೀಕ ಗಂಗಾಳನ್ನು ಕೇಳಿದ.

"ಅತ್ತಿಯವರದ ಹಿಡೀರಿ. ನನಗ ರೂಢಿ ಆಗೈತಿ."

ರೂಢಿ ಎಂಬ ಮಾತು ಉಚ್ಚಂಗೆವ್ವನಿಗೆ ಮುಳ್ಳಿನಂತೆ ನಾಟಿತು. "ರೂಢಿ ಅಂದ್ರ? ನನ್ನ ಕಟ್ಟಿ ನಿನಗೇನ ಕಚ್ಚೈತೇನ?"

"ನಾ ಹಂಗಂದಿಲ್ರಿ ಅತ್ತಿ."

"ಹಂಗಾದ್ರ ಎಲ್ಲಾರ ಮುಂದ ನಿಂತು ತೋರಸು. ಪುಂಡಲೀಕಾ, ನನ್ನ ಅಳತಿಗೆ ಇಟ್ಟಂಗಿ ಒಟ್ಟು!"

ಅವನು ಇಟ್ಟಂಗಿ ಒಟ್ಟಿ ಮೇಲೊಂದು ಹಲಗೆ ಇಟ್ಟ. ಗಂಗಾ ಸೆರಗು ಸಿಕ್ಕಿಸಿಕೊಂಡು, ಹಲಗೆಯ ಮೇಲೆ ಬಗ್ಗಿ ಇಲ್ಲದ ಹಿಟ್ಟನ್ನು ನಾದಿದಳು, ಇಲ್ಲದ ರೊಟ್ಟಿಯನ್ನು ಟಪಟಪ ಬಡಿದಳು. "ನನಗೊಂದು ಬಿಸೀದು ಹಾಕು," ಎಂದು ಚಂದ್ರಪ್ಪ ಚೇಷ್ಟೆ ಮಾಡಿದ. ಉಚ್ಚಂಗೆವ್ವ ಸರಿಯಾಗಿ ನೋಡಲೆಂದು ದೂರದ ಕಂಬದ ತನಕ ಹಿಂದೆ ಸರಿದಳು. ಇಷ್ಟು ವರ್ಷ ಅತ್ತೆ ಸೊಸೆ ಒಂದೇ ಕಟ್ಟೆಗೆ ಪಕ್ಕಪಕ್ಕ ನಿಂತವರು. ಪಕ್ಕದಲ್ಲಿ ನಿಂತವರಿಗೆ ಪಕ್ಕದವರ ಬೆನ್ನು ಕಾಣುವುದಿಲ್ಲ.

ಅಷ್ಟರಲ್ಲಿ ರಸ್ತೆಯ ಮೇಲೆ ಮೇವಿನ ಹೊರೆ ಹೊತ್ತು ಹೊರಟ ಹೆಂಗಸೊಬ್ಬಳು ನಿಂತು ಗಂಗಾಳನ್ನು ಕೂಗಿ ಕೇಳಿದಳು: "ಏನ ಹುಡುಕಾಕತ್ತೀಯವಾ? ಏನ ಬಿದ್ದೈತಿ?"

"ಏನೂ ಬಿದ್ದಿಲ್ಲಬೇ, ರೊಟ್ಟಿ ಬಡಿಯಾಕತ್ತೇನಿ!" ಎಂದು ಗಂಗಾ ನಗುತ್ತ ಮೇಲೆದ್ದಳು. ಒಂದೇ ಸಲಕ್ಕೆ ಏಳಲಾಗಲಿಲ್ಲ. ಅರ್ಧಕ್ಕೆ ನಿಂತು, ಸೊಂಟಕ್ಕೆ ಕೈ ಕೊಟ್ಟು, ಉಸಿರು ಹಿಡಿದು, ಉಳಿದರ್ಧ ಎದ್ದಳು.

ಸೊಂಟದ ಮೇಲಿನ ಆ ಕೈಯನ್ನು ಉಚ್ಚಂಗೆವ್ವ ದಿನವೂ ನೋಡಿದವಳೇ. ನಖರಾ ಅಂದುಕೊಂಡಿದ್ದಳು.

"ನೋಡ್ರಿ, ಏನೂ ತ್ರಾಸಿಲ್ಲ," ಎಂದಳು ಗಂಗಾ. ಚಂದ್ರಪ್ಪ ತಲೆಯಾಡಿಸಿದ. ಪುಂಡಲೀಕ ಟೇಪು ಬಿಚ್ಚಿ, ಅದರ ತುದಿಯನ್ನು ಉಚ್ಚಂಗೆವ್ವನ ಕೈಗೆ ಕೊಟ್ಟ. "ಮೊಳಕೈ ಮಡಚ್ರಿ ಉಚ್ಚಂಗೆವ್ವಾರ."

ಅವಳು ಮಡಚಲಿಲ್ಲ. ಬಾಗಿಲಿಗೆಂದು ಬಿಟ್ಟ ಸಂದಿಯಿಂದಲೇ ಗೆರೆಯೊಳಗೆ ಹೋಗಿ, ಸೊಸೆಯ ಅಂಗೈ ಬಿಡಿಸಿ, ಟೇಪಿನ ತುದಿಯನ್ನು ಅದರಲ್ಲಿಟ್ಟು ಬೆರಳು ಮಡಚಿದಳು.

"ಅತ್ತೀ, ನಿಮಗ ಎಟಕೂದಿಲ್ರಿ..."

ಪುಂಡಲೀಕ ಗಂಗಾಳ ಅಳತೆ ಹಿಡಿದು ಮೂಲೆಯ ಕಂಬದ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದ. ಉಚ್ಚಂಗೆವ್ವ ಆ ಕಂಬಕ್ಕೆ ಒತ್ತಿ ನಿಂತು ನೋಡಿದಳು. ಗೆರೆ ಅವಳ ಎದೆಯ ಮಟ್ಟಕ್ಕಿತ್ತು.

"ಅಲ್ಲೇ ಇರ್ಲಿ," ಎಂದಳು.